ಕುರ್ಚಿಯ ಮೇಲಿನ ಬಟ್ಟೆಗೂ ಒಂದು ಜಾಗ

ಯಾರೂ ಕೂರದ ಕುರ್ಚಿಯೊಂದು ಬಹುತೇಕ ಮನೆಗಳಲ್ಲಿ ಇರುತ್ತದೆ. ಮಲಗುವ ಕೋಣೆಯ ಮೂಲೆಯಲ್ಲಿ, ಬೆನ್ನಿಗೆ ಎರಡು ಪ್ಯಾಂಟು, ಕೈಗೊಂದು ದುಪಟ್ಟಾ, ಸೀಟಿನ ಮೇಲೆ ನಿನ್ನೆ ಆಫೀಸಿಗೆ ತೊಟ್ಟ ಅಂಗಿ. ಕುರ್ಚಿ ಇಲ್ಲದ ಕಡೆ ಆ ಕೆಲಸವನ್ನು ಮಂಚದ ತುದಿಯೋ, ಹುರುಪಿನಲ್ಲಿ ಕೊಂಡು ಕೈಬಿಟ್ಟ ವ್ಯಾಯಾಮದ ಸೈಕಲ್ಲೋ ಮಾಡುತ್ತದೆ. ನೆಂಟರು ಬರುತ್ತೇವೆಂದು ಫೋನ್ ಮಾಡಿದ ಕೂಡಲೇ ರಾಶಿಯನ್ನು ಬಾಚಿ ಬೀರುವಿಗೆ ತುರುಕಿ, ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಬೀಗ ಹಾಕುತ್ತೇವೆ. ಅವರು ಹೊರಟ ಮರುವಾರಕ್ಕೆ ಕುರ್ಚಿ ಮತ್ತೆ ತುಂಬಿರುತ್ತದೆ.

ಇದನ್ನು ಸೋಮಾರಿತನ ಎನ್ನುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಆ ರಾಶಿಯಲ್ಲಿರುವುದು ಒಗೆಯುವಷ್ಟು ಕೊಳೆಯಾಗದ, ಇಸ್ತ್ರಿ ಬಟ್ಟೆಯ ಜೊತೆ ಇಡುವಷ್ಟು ಶುಭ್ರವೂ ಅಲ್ಲದ ಬಟ್ಟೆ. ಕೊಳೆ ಬಟ್ಟೆಗೆ ಬಚ್ಚಲಲ್ಲಿ ಬುಟ್ಟಿ ಇದೆ, ಒಗೆದದ್ದಕ್ಕೆ ಬೀರು ಇದೆ. ನಡುವಿನದಕ್ಕೆ ಮನೆ ಕಟ್ಟಿದವರೂ ಜಾಗ ಬಿಟ್ಟಿಲ್ಲ, ಬಾಡಿಗೆಗೆ ಬಂದವರೂ ಮಾಡಿಕೊಂಡಿಲ್ಲ. ಬಾಗಿಲ ಹಿಂದೆ ನಾಲ್ಕೈದು ಕೊಕ್ಕೆಯ ಪಟ್ಟಿಯೊಂದನ್ನು ತಗುಲಿಸಿ, ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕೊಕ್ಕೆ ಎಂದು ಗೊತ್ತುಮಾಡಿದರೆ ಕುರ್ಚಿ ಕೂರಲು ಸಿಗುತ್ತದೆ. ಒಬ್ಬರಿಗೆ ಒಂದೇ ಇರಲಿ. ಅದು ತುಂಬಿದಾಗ ಹಳೆಯದು ಒಗೆಯಲು ಹೋಗಲೇಬೇಕಾಗುತ್ತದೆ, ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಮನೆಯನ್ನು ಓರಣವಾಗಿಡುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇಷ್ಟೇ: ವಸ್ತು ಎಲ್ಲಿ ಬೀಳುತ್ತದೋ ಅಲ್ಲೇ ಅದಕ್ಕೊಂದು ನೆಲೆ ಮಾಡುವುದು. ನಾವು ಮಾಡುವುದು ತಿರುವುಮುರುವು. ಮೊದಲು ಅಂಗಡಿಗೆ ಹೋಗಿ ಚೆಂದ ಕಂಡ ಬುಟ್ಟಿ, ಡಬ್ಬಿ, ರ‍್ಯಾಕ್ ತರುತ್ತೇವೆ. ಆಮೇಲೆ ಅದರಲ್ಲಿ ಏನಿಡಬಹುದು ಎಂದು ಯೋಚಿಸುತ್ತೇವೆ. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಐಕಿಯಾ ಮಳಿಗೆ ತೆರೆದ ಮೇಲೆ ಈ ಚಟಕ್ಕೆ ಮೆಟ್ರೊ ಸೌಕರ್ಯವೂ ಸಿಕ್ಕಿದೆ. ತಂದ ಡಬ್ಬಿಗಳನ್ನು ಇಡಲು ಇನ್ನೊಂದು ಜಾಗ ಬೇಕಾಗುವುದು ಮನೆಗೆ ಬಂದ ಮೇಲೆಯೇ ಗೊತ್ತಾಗುವುದು.

ಹಳೆಯ ತೊಟ್ಟಿಮನೆಗಳನ್ನು ನೋಡಿದವರಿಗೆ ಅಲ್ಲಿನ ಖಾಲಿತನ ನೆನಪಿರಬಹುದು. ಪೀಠೋಪಕರಣ ಎಂದು ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಗೋಡೆಯೇ ಎಲ್ಲ ಕೆಲಸ ಮಾಡುತ್ತಿತ್ತು. ದಪ್ಪ ಮಣ್ಣಿನ ಗೋಡೆಯೊಳಗೆ ದೀಪಕ್ಕೊಂದು, ಕುಂಕುಮದ ಭರಣಿಗೊಂದು ಗೂಡು. ಅಂಗಿ, ಟೋಪಿ, ಛತ್ರಿಗೆ ಗಿಳಿಗೂಟ. ಬೆಕ್ಕಿಗೆ ಎಟುಕದ ಹಾಗೆ ಹಾಲು ಬೆಣ್ಣೆಯ ಗಡಿಗೆಗೆ ತೊಲೆಯಿಂದ ಇಳಿಬಿಟ್ಟ ನೆಲುವು. ಅಪರೂಪಕ್ಕೆ ಬೇಕಾಗುವ ದೊಡ್ಡ ಪಾತ್ರೆಗಳಿಗೆ ತಲೆಯ ಮೇಲೆ ನಾಗೊಂದಿಗೆ, ವರ್ಷಕ್ಕೊಮ್ಮೆ ತೆಗೆಯುವುದಕ್ಕೆ ಅಟ್ಟ. ಮಡಿಬಟ್ಟೆ ಒಣಗಲು ಮೇಲೆ ಅಡ್ಡಲಾಗಿ ಕಟ್ಟಿದ ಬಿದಿರು ಗಳ, ಮುಟ್ಟದೆ ಹರವಲು ಒಂದು ಕೋಲು. ಇಂದು ಫ್ಲ್ಯಾಟುಗಳ ಬಾಲ್ಕನಿಯಲ್ಲಿ ಹಗ್ಗ ಎಳೆದರೆ ಇಳಿದು ಬರುವ ಬಟ್ಟೆ ಸ್ಟ್ಯಾಂಡು ಆ ಗಳದ ಮೊಮ್ಮಗು. ಆ ಮನೆಗಳು ಸುಖದ ಮನೆಗಳಾಗಿದ್ದವು ಎಂದು ನಾನೇನೂ ಹೇಳುತ್ತಿಲ್ಲ. ಅಡುಗೆಮನೆಯ ಹೊಗೆ ಕುಡಿದ ಹೆಂಗಸರನ್ನು ಕೇಳಿದರೆ ಬೇರೆಯದೇ ಕಥೆ ಹೇಳುತ್ತಾರೆ. ಆದರೆ ಯಾವ ವಸ್ತು ಯಾವ ಎತ್ತರದಲ್ಲಿ ಇರಬೇಕು ಎಂಬ ಲೆಕ್ಕ ಕಟ್ಟಿದವರಿಗೆ ಇತ್ತು. ದಿನವೂ ಬೇಕಾದದ್ದು ಎದೆಮಟ್ಟದಲ್ಲಿ, ವಾರಕ್ಕೊಮ್ಮೆಯದು ಕೈ ಎತ್ತಿದರೆ ಸಿಗುವಲ್ಲಿ, ವರ್ಷಕ್ಕೊಮ್ಮೆಯದು ಏಣಿ ಹತ್ತಿದರೆ. ಈಗಿನ ಮನೆಗಳಲ್ಲಿ ಮದುವೆಗೆ ಬಂದ ಡಿನ್ನರ್ ಸೆಟ್ಟು ಕಣ್ಣಿನ ನೇರಕ್ಕೆ ಗಾಜಿನ ಬಾಗಿಲೊಳಗೆ ಇದ್ದು, ದಿನಾ ಬೇಕಾದ ಕುಕ್ಕರಿಗೆ ಸೊಂಟ ಬಗ್ಗಿಸಬೇಕು.

ಹಾಗಾಗಿ ಮೊದಲ ಕೆಲಸ ದುಡ್ಡಿಲ್ಲದ್ದು. ಒಂದು ವಾರ ಏನನ್ನೂ ಸರಿಪಡಿಸಲು ಹೋಗದೆ ಸುಮ್ಮನೆ ನೋಡಿ. ಹೊರಗಿನಿಂದ ಬಂದವರ ಕೈ ಎಲ್ಲಿ ಖಾಲಿಯಾಗುತ್ತದೆ? ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಅದು ಟಿ.ವಿ. ಸ್ಟ್ಯಾಂಡು, ಊಟದ ಮೇಜು ಮತ್ತು ಫ್ರಿಜ್ಜಿನ ತಲೆ. ಬೀಗದ ಕೈ, ಕರೆಂಟ್ ಬಿಲ್ಲು, ಮದುವೆ ಕರೆಯೋಲೆ, ಪ್ರಸಾದದ ಪೊಟ್ಟಣ, ಮಾತ್ರೆಯ ಹಾಳೆ ಎಲ್ಲ ಅಲ್ಲಿ ಬೀಳುತ್ತವೆ. ಊಟದ ಮೇಜು ಬಾಗಿಲಿಗೆ ಹತ್ತಿರವಿದ್ದರೆ ಅದು ಎಂದೂ ಊಟದ ಮೇಜಾಗಿ ಉಳಿಯುವುದಿಲ್ಲ. ಹೊಸ್ತಿಲು ದಾಟಿ ಎರಡು ಹೆಜ್ಜೆಯೊಳಗೆ ಅರ್ಧ ಅಡಿ ಅಗಲದ ಒಂದು ಹಲಗೆ, ಅದರ ಕೆಳಗೆ ಬೀಗದ ಕೈಗೆ ಎರಡು ಕೊಕ್ಕೆ, ಹೆಲ್ಮೆಟ್ಟಿಗೆ ಎರಡು ಗಟ್ಟಿ ಗೂಟ ಇದ್ದರೆ ಮೇಜಿನ ಭಾರ ಅರ್ಧ ಇಳಿಯುತ್ತದೆ. ಹಲಗೆ ಅರ್ಧ ಅಡಿಗಿಂತ ಅಗಲ ಬೇಡ. ಅಗಲ ಮಾಡಿದಷ್ಟೂ ಅಲ್ಲಿ ಸಾಮಾನು ಬೆಳೆಯುತ್ತದೆ. ಶಾಲೆಗೆ ಹೋಗುವ ಮಗುವಿದ್ದರೆ ಬ್ಯಾಗಿನ ಕೊಕ್ಕೆ ಮಗುವಿನ ಭುಜದ ಎತ್ತರಕ್ಕಿರಲಿ. ದೊಡ್ಡವರ ಎತ್ತರಕ್ಕೆ ಹೊಡೆದು, ಬ್ಯಾಗ್ ನೆಲದ ಮೇಲೆ ಎಸೆಯುತ್ತಾನೆ ಎಂದು ಹುಡುಗನನ್ನು ಬಯ್ದರೆ ಪ್ರಯೋಜನವಿಲ್ಲ.

ಜಪಾನಿನ ಮರಿಯೆ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದಾಗಿನಿಂದ, ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು, ಅದು ಖುಷಿ ಕೊಡದಿದ್ದರೆ ಕೃತಜ್ಞತೆ ಹೇಳಿ ಕಳಿಸಿಕೊಡಿ ಎಂಬ ಉಪದೇಶ ಲೋಕಪ್ರಸಿದ್ಧವಾಗಿದೆ. ಒಬ್ಬಂಟಿ ಬದುಕಿನ ಅಪಾರ್ಟ್‌ಮೆಂಟಿಗೆ ಅದು ಸರಿ. ನಮ್ಮ ಮನೆಗಳಲ್ಲಿ ವಸ್ತುಗಳು ಯಾರೊಬ್ಬರವೂ ಅಲ್ಲ. ಅತ್ತೆ ತವರಿನಿಂದ ತಂದ ಹಿತ್ತಾಳೆ ಕೊಳಗ ಸೊಸೆಗೆ ಖುಷಿ ಕೊಡುತ್ತದೆಯೇ ಎಂದು ಕೇಳುವ ಧೈರ್ಯ ಯಾರಿಗಿದೆ? ನಮಗೆ ಹೊಂದುವ ಪ್ರಶ್ನೆ ಬೇರೆ. ಇದನ್ನು ಕಳೆದ ದೀಪಾವಳಿಯಿಂದ ಈ ದೀಪಾವಳಿಯೊಳಗೆ ಯಾರಾದರೂ ಮುಟ್ಟಿದ್ದಾರೆಯೇ ಎಂದು ಕೇಳಿ. ಮುಟ್ಟಿಲ್ಲವೆಂದರೆ ಅದು ಎದೆಮಟ್ಟದ ಶೆಲ್ಫ್ ಬಿಟ್ಟು ಮೇಲೆ ಹೋಗಲಿ, ಮನೆ ಬಿಟ್ಟೇ ಹೋಗಬೇಕೆಂದಿಲ್ಲ. ಗುಜರಿಯವನಿಗೆ ಏನು ಹಾಕಬೇಕೆಂಬ ಜಗಳ ಇಲ್ಲದೆಯೇ ಕೆಲಸ ಸಾಗುತ್ತದೆ.

ಅಡುಗೆಮನೆಗೆ ಬರೋಣ, ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಮಾಡ್ಯುಲರ್ ಕಿಚನ್ ಬರುವ ಮುಂಚೆ ಕಟ್ಟಿದ, ಈಗಲೂ ಲಕ್ಷಾಂತರ ಜನ ಇರುವ ಮನೆಗಳಲ್ಲಿ ಕಟ್ಟೆಯ ಕೆಳಗೆ ಕಡಪಾ ಕಲ್ಲಿನ ಶೆಲ್ಫುಗಳಿರುತ್ತವೆ. ಕಲ್ಲು ಒಳ್ಳೆಯದೇ: ಗೆದ್ದಲು ಹಿಡಿಯುವುದಿಲ್ಲ, ನೀರಿಗೆ ಉಬ್ಬುವುದಿಲ್ಲ, ಧಾನ್ಯದ ಡ್ರಮ್ಮು ಹೊರುತ್ತದೆ. ತೊಂದರೆ ಅದರ ಆಳದ್ದು. ಕಟ್ಟೆ ಎರಡು ಅಡಿ ಅಗಲ, ಹಾಗಾಗಿ ಶೆಲ್ಫೂ ಎರಡು ಅಡಿ ಆಳ. ಮುಂದಿನ ಒಂದು ಅಡಿಯಲ್ಲಿ ಇಟ್ಟದ್ದು ಕಾಣುತ್ತದೆ, ಹಿಂದಿನ ಒಂದು ಅಡಿ ಕತ್ತಲು. ಆ ಕತ್ತಲಲ್ಲಿ ಒಡೆದ ಶಾವಿಗೆ ಪೊಟ್ಟಣ ಮೂರು, ಹುಳು ಹತ್ತಿದ ಹೆಸರುಕಾಳು, ಕಳೆದುಹೋಯಿತೆಂದು ಹೊಸದು ಕೊಂಡ ಸೌಟು ಎಲ್ಲ ಸಿಗುತ್ತವೆ. ಇದಕ್ಕೆ ಸುಲಭ ಪರಿಹಾರ, ಡ್ರಾಯರಿನ ಹಾಗೆ ಎಳೆಯಬಹುದಾದ ಉದ್ದನೆಯ ಬುಟ್ಟಿಗಳು. ಶೆಲ್ಫಿನ ಆಳ ಅಳೆದು, ಅದಕ್ಕಿಂತ ಒಂದೆರಡು ಇಂಚು ಕಡಿಮೆ ಉದ್ದದ, ಮುಂದೆ ಹಿಡಿ ಇರುವ ಪ್ಲಾಸ್ಟಿಕ್ ಟ್ರೇಗಳನ್ನು ತಂದು ಬೇಳೆಗಳಿಗೆ ಒಂದು, ಹಿಟ್ಟುಗಳಿಗೆ ಒಂದು, ಉಪ್ಪಿನಕಾಯಿ ಹಪ್ಪಳ ಸಂಡಿಗೆಗೆ ಒಂದು ಎಂದು ಹಂಚಿ. ಟ್ರೇ ಪೂರ್ತಿ ಹೊರಗೆ ಬಂದರೆ ಹಿಂದಿನದು ಮುಂದಿನದು ಎಂಬ ಭೇದವೇ ಇರುವುದಿಲ್ಲ. ಅಳತೆ ತೆಗೆದುಕೊಳ್ಳದೆ ಅಂಗಡಿಗೆ ಹೋಗಬೇಡಿ. ಶೆಲ್ಫಿನ ಬಾಯಿಗೆ ಕಟ್ಟಿದ ಗೋಡೆಯ ಅಂಚು ಅರ್ಧ ಇಂಚು ಒಳಗೆ ಚಾಚಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಟ್ಟೆಯ ಮೇಲಿನ ಶೆಲ್ಫಿನದು ಆಳದ ಸಮಸ್ಯೆಯಲ್ಲ, ಎತ್ತರದ್ದು. ಎರಡು ಕಲ್ಲುಗಳ ನಡುವೆ ಒಂದೂವರೆ ಅಡಿ ಇದ್ದು, ಮುಕ್ಕಾಲು ಅಡಿಯ ಡಬ್ಬಿ ಇಟ್ಟರೆ ಮೇಲಿನ ಅರ್ಧ ಗಾಳಿಗೆ ಹೋಯಿತು. ಹಿಂಬದಿಯಲ್ಲಿ ಇಟ್ಟಿಗೆ ನಿಲ್ಲಿಸಿ ಅದರ ಮೇಲೊಂದು ಹಲಗೆ ಹಾಕಿ ಮೆಟ್ಟಿಲು ಮಾಡಿದರೆ ಹಿಂದಿನ ಸಾಲಿನ ಡಬ್ಬಿಗಳೂ ಕಾಣುತ್ತವೆ. ದಸರಾ ಗೊಂಬೆ ಕೂರಿಸುವ ಮನೆಗಳಿಗೆ ಈ ಉಪಾಯ ಹೇಳಿಕೊಡಬೇಕಾಗಿಲ್ಲ. ಹೊಸದಾಗಿ ತಂದ ಬೇಳೆ ಯಾವಾಗಲೂ ಹಿಂದಕ್ಕೆ, ಹಳೆಯದು ಮುಂದಕ್ಕೆ. ರೇಷನ್ ಅಂಗಡಿಯಿಂದ ಸೂಪರ್ ಮಾರ್ಕೆಟ್ಟಿನವರೆಗೆ ಎಲ್ಲರೂ ಪಾಲಿಸಬೇಕಾದ ನಿಯಮ ಇದು. ಹುಳುವಿನ ಕಾಟ ಇದೊಂದರಿಂದಲೇ ಎಷ್ಟೋ ತಗ್ಗುತ್ತದೆ.

ಏನನ್ನು ಎಲ್ಲಿಡಬೇಕೆಂಬ ಗೊಂದಲಕ್ಕೆ ಒಗ್ಗರಣೆ ಡಬ್ಬಿಯೇ ಗುರು. ಸಾಸಿವೆ, ಜೀರಿಗೆ, ಉದ್ದಿನಬೇಳೆ, ಒಣಮೆಣಸು, ಅರಿಶಿನ, ಇಂಗು ಇವು ಜಾತಿಯಲ್ಲಿ ಒಂದಲ್ಲ. ಒಂದು ಬೀಜ, ಒಂದು ಬೇಳೆ, ಒಂದು ಬೇರು, ಒಂದು ಗಿಡದ ಅಂಟು. ಆದರೂ ಒಂದೇ ಮುಚ್ಚಳದ ಕೆಳಗಿವೆ, ಯಾಕೆಂದರೆ ಎಣ್ಣೆ ಕಾದಾಗ ಎಲ್ಲವೂ ಒಟ್ಟಿಗೇ ಬೇಕು. ಜೊತೆಗೆ ಬಳಸುವುದನ್ನು ಜೊತೆಗೆ ಇಡುವುದು ಎಂಬ ಈ ತತ್ವವನ್ನು ಮನೆಯ ಉಳಿದ ಕಡೆಗೂ ಹರಡಬಹುದು. ಫಿಲ್ಟರು, ಕಾಫಿಪುಡಿ, ಸಕ್ಕರೆ, ಲೋಟ ಒಂದೇ ತಟ್ಟೆಯಲ್ಲಿದ್ದರೆ ಬೆಳಗ್ಗೆ ಕಣ್ಣು ಪೂರ್ತಿ ತೆರೆಯದೆಯೂ ಕಾಫಿ ಆಗುತ್ತದೆ. ಬತ್ತಿ, ಎಣ್ಣೆ, ಬೆಂಕಿಪೊಟ್ಟಣ, ಊದುಬತ್ತಿ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ. ಸೂಜಿ, ದಾರ, ಗುಂಡಿ, ಕತ್ತರಿಗೆ ಬಿಸ್ಕತ್ತಿನ ತಗಡಿನ ಡಬ್ಬ ಈಗಾಗಲೇ ಎಲ್ಲರ ಮನೆಯಲ್ಲೂ ಇದೆ. ಅದನ್ನು ಆಸೆಯಿಂದ ತೆರೆದು ಬಿಸ್ಕತ್ತು ಸಿಗದೆ ನಿರಾಶೆಗೊಂಡ ಮಕ್ಕಳೂ ಎಲ್ಲ ಮನೆಯಲ್ಲಿ ಇದ್ದಾರೆ.

ಬಾಗಿಲ ಹಿಂದೆ ತೂಗುವ ಕವರುಗಳ ಕವರಿನ ಬಗ್ಗೆ ಒಂದೇ ಮಾತು. ಅದನ್ನು ಬಿಸಾಡಿ ಎಂದು ಯಾರೂ ಹೇಳಲಾರರು, ಹೇಳಿದರೂ ನಡೆಯುವುದಿಲ್ಲ. ಹಿಡಿಸುವಷ್ಟು ಹಿಡಿಸಲಿ ಎಂದು ಒಂದು ಬಟ್ಟೆಯ ಚೀಲ ಹೊಲಿದು, ಕೆಳಗೆ ಕೈ ಹೋಗುವಷ್ಟು ತೂತು ಬಿಟ್ಟು ನೇತುಹಾಕಿ. ಮೇಲಿನಿಂದ ತುರುಕಿ ಕೆಳಗಿನಿಂದ ಎಳೆದರಾಯಿತು. ಚೀಲ ತುಂಬಿದ ಮೇಲೆ ಬಂದದ್ದು ಹೊರಗೆ.

ಸಜ್ಜಾ ಅಥವಾ ಲಾಫ್ಟ್ ಎಂದರೆ ಮನೆಯ ಮರೆವು. ಏಳು ಅಡಿ ಎತ್ತರದಲ್ಲಿ ಸೂಟ್‌ಕೇಸು, ಹಳೇ ಮಿಕ್ಸಿಯ ರಟ್ಟಿನ ಪೆಟ್ಟಿಗೆ, ಗೊಂಬೆಗಳ ಟ್ರಂಕು, ಮಗುವಿನ ತೊಟ್ಟಿಲಿನ ಬಿಡಿಭಾಗಗಳು. ಖಾಲಿ ಸೂಟ್‌ಕೇಸುಗಳನ್ನು ಒಂದರೊಳಗೊಂದು ಹಾಕುವುದು ಎಲ್ಲರಿಗೂ ಗೊತ್ತು. ಆದರೆ ದೊಡ್ಡದರೊಳಗೆ ಚಳಿಗಾಲದ ರಗ್ಗು, ಸ್ವೆಟರ್ ತುಂಬಿಟ್ಟರೆ ಊರಿಗೆ ಹೋಗುವಾಗ ಅವನ್ನು ಸುರಿಯಲು ಇನ್ನೊಂದು ಜಾಗ ಬೇಕು. ಅದಕ್ಕೆ ಬೇರೆ ಚೀಲವಿರಲಿ. ಪ್ರತಿ ಪೆಟ್ಟಿಗೆಯ ಮೇಲೂ ಕೆಳಗಿನಿಂದ ಕಾಣುವ ಮಗ್ಗುಲಿಗೆ ಕಾಗದದ ಟೇಪು ಅಂಟಿಸಿ ದಪ್ಪ ಮಾರ್ಕರಿನಲ್ಲಿ ಒಳಗೇನಿದೆ ಎಂದು ಬರೆಯಿರಿ. ‘ಇತರೆ’ ಎಂದು ಬರೆದರೆ ಬರೆಯದಿದ್ದ ಹಾಗೆ. ಅದೇ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಬೀರು ಬಾಗಿಲಿನ ಒಳಮೈಗೆ ಅಂಟಿಸಿದರೆ, ಗಣೇಶನ ಹಬ್ಬದ ಹಿಂದಿನ ದಿನ ಸ್ಟೂಲು ಹಾಕಿಕೊಂಡು ಎಲ್ಲವನ್ನೂ ಇಳಿಸುವ ಪ್ರಸಂಗ ತಪ್ಪುತ್ತದೆ.

ಬೀರುವಿನ ವಿಷಯ ಬೇಗ ಮುಗಿಸುತ್ತೇನೆ, ರೇಷ್ಮೆ ಸೀರೆಯ ಒಂದು ಮಾತು ಹೇಳಿ. ಜರಿ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಹಳೆಯ ಪಂಚೆ ಅಥವಾ ಮಲ್ಲಿನ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗದಿರಲಿ, ಜರಿ ಕಪ್ಪಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸದಿದ್ದರೆ ಅದೇ ಗೆರೆಯಲ್ಲಿ ರೇಷ್ಮೆ ಹಿಸಿಯುತ್ತದೆ. ಮಲೆನಾಡು, ಕರಾವಳಿಯವರು ಬೀರುವನ್ನು ಹೊರಗೋಡೆಗೆ ಒತ್ತಿ ನಿಲ್ಲಿಸಬಾರದು. ಹಿಂದೆ ಎರಡು ಮೂರು ಇಂಚು ಗಾಳಿ ಆಡಿದರೆ ಆಷಾಢದಲ್ಲಿ ಬೂಷ್ಟು ಹಿಡಿಯುವುದು ಕಡಿಮೆ.

ಗೋಡೆಯ ಮಾತು ಬಂತಲ್ಲ, ಸಿಂಗಾರಕ್ಕೆ ಕೈ ಹಾಕುವ ಮುಂಚೆ ತೇವದ ಕಥೆ ಮುಗಿಯಬೇಕು. ಬಣ್ಣ ಉಬ್ಬಿ ಚಕ್ಕೆ ಏಳುವ ಗೋಡೆಗೆ ಮತ್ತೆ ಬಣ್ಣ ಬಳಿದರೆ ದುಡ್ಡು ದಂಡ. ಹುಳುಕು ಮುಚ್ಚಲು ವಾಲ್‌ಪೇಪರ್ ಅಂಟಿಸಿದರಂತೂ ಅದರ ಹಿಂದೆ ಬೂಷ್ಟಿನ ತೋಟವೇ ಏಳುತ್ತದೆ. ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಅಂಗೈಯಗಲ ಕತ್ತರಿಸಿ, ಬಟ್ಟೆಯಿಂದ ಒರೆಸಿದ ಗೋಡೆಗೆ ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಗೋಡೆಯ ಕಡೆ, ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ: ಪಕ್ಕದ ಬಚ್ಚಲು, ಮೇಲಿನ ಮನೆಯ ಪೈಪು, ಬಿರುಕಿದ ಹೊರಗೋಡೆ, ಇಲ್ಲವೇ ತಳಪಾಯದಿಂದ ಏರುವ ತೇವ. ಇದಕ್ಕೆ ಗಾರೆಯವರು ಬೇಕು, ಬಾಡಿಗೆ ಮನೆಯಾದರೆ ಮಾಲೀಕರು ಬೇಕು. ಹನಿ ಕೋಣೆಯ ಕಡೆಯ ಮೈಮೇಲಿದ್ದರೆ ಅದು ನಮ್ಮದೇ ಉಸಿರು, ಅಡುಗೆಯ ಹಬೆ, ಒಳಗೆ ಒಣಹಾಕಿದ ಬಟ್ಟೆಯ ನೀರು. ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಓಡಿಸಿದರೆ ಸಾಕು. ಹಳ್ಳಿಯ ಮಣ್ಣಿನ ಗೋಡೆಗೆ ಸುಣ್ಣವೇ ಇಂದಿಗೂ ಒಳ್ಳೆಯದು. ಪ್ಲಾಸ್ಟಿಕ್ ಅಂಶದ ಪೇಂಟು ಒಳಗಿನ ತೇವವನ್ನು ಕಟ್ಟಿಹಾಕುತ್ತದೆ, ಸುಣ್ಣ ಆಚೆ ಬಿಡುತ್ತದೆ.

ಗೋಡೆ ಒಣಗಿತೆಂದುಕೊಳ್ಳೋಣ. ಈಗ ಸಿಂಗಾರಕ್ಕೆ ಏನು ಕೊಳ್ಳಬೇಕು ಎಂದು ಕೇಳಿದರೆ ನಾನು ಮೊದಲು ಹೇಳುವುದು ಬಲ್ಬು. ನಮ್ಮ ಹಾಲುಗಳಲ್ಲಿ ಎತ್ತರದ ಗೋಡೆಗೆ ಒಂದೇ ಟ್ಯೂಬ್‌ಲೈಟ್, ಅದರ ಬಿಳಿಬೆಳಕಿನಲ್ಲಿ ಎಂಥ ಚೆಂದದ ಮನೆಯೂ ಬಸ್ ನಿಲ್ದಾಣದ ಕಾಯುವ ಕೋಣೆ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 2700ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. 2700 ಅಥವಾ 3000 ಎಂದರೆ ನಮ್ಮ ಬಾಲ್ಯದ ಹಳದಿ ಬಲ್ಬಿನ ಬಣ್ಣ. 6500 ಎಂದರೆ ನೀಲಿ ಛಾಯೆಯ ಬಿಳಿ. ಓದುವ ಮೇಜಿಗೆ, ಅಡುಗೆಗೆ ಬಿಳಿ ಇರಲಿ. ಕೂತು ಹರಟುವ ಮೂಲೆಗೆ, ಕೂತವರ ಭುಜದ ಎತ್ತರದಲ್ಲಿ ಹಳದಿಯ ಐದೋ ಏಳೋ ವ್ಯಾಟಿನ ದೀಪ ಸಾಕು. ಅಡುಗೆಮನೆಯಲ್ಲಿ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದಿನ ಗೋಡೆಯಲ್ಲಿದ್ದರೆ ಹೆಚ್ಚುವ ತರಕಾರಿಯ ಮೇಲೆ ನಿಮ್ಮದೇ ನೆರಳು ಬೀಳುತ್ತದೆ. ಬೆರಳು ಕೊಯ್ದುಕೊಳ್ಳುವುದು ಅಲ್ಲೇ. ಮೇಲಿನ ಶೆಲ್ಫಿನ ತಳಕ್ಕೆ ಒಂದೆರಡು ಅಡಿಯ ತೆಳು ಎಲ್‌ಇಡಿ ಪಟ್ಟಿ ಹಾಕಿಸಿದರೆ ಕಟ್ಟೆ ಬೆಳಗುತ್ತದೆ.

ಬೆಳಕಿನ ನಂತರ ಬಟ್ಟೆ. ರೆಡಿಮೇಡ್ ಪರದೆಗಳು ಕಿಟಕಿಗೆ ಐದು ಅಡಿ, ಬಾಗಿಲಿಗೆ ಏಳು ಅಡಿ ಎಂದು ಬರುತ್ತವೆ. ಕಂಬಿಯನ್ನು ಕಿಟಕಿಯ ಚೌಕಟ್ಟಿಗೇ ಅಂಟಿಸದೆ ನಾಲ್ಕೈದು ಇಂಚು ಮೇಲೆ, ಎರಡೂ ಪಕ್ಕಕ್ಕೆ ಅರ್ಧ ಅಡಿ ಆಚೆಗೆ ಹಾಕಿದರೆ ಪರದೆ ಸರಿಸಿದಾಗ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ, ಕೋಣೆ ಎತ್ತರವಾಗಿ ಕಾಣುತ್ತದೆ. ಬಟ್ಟೆಯ ಅಗಲ ಕಂಬಿಯ ಉದ್ದದ ಒಂದೂವರೆ ಪಟ್ಟಾದರೂ ಇರಲಿ, ಇಲ್ಲದಿದ್ದರೆ ನೆರಿಗೆ ಬೀಳದೆ ಹಾಸಿಗೆಯ ಚಾದರ ನೇತುಹಾಕಿದ ಹಾಗಾಗುತ್ತದೆ. ಹಳೆಯ ಇಳಕಲ್ ಸೀರೆ ಇದ್ದರೆ ಬೇರೆ ಪರದೆಯೇ ಬೇಡ. ಸೀರೆ ಐದೂವರೆ ಮೀಟರ್ ಇರುತ್ತದೆ. ಏಳು ಅಡಿಯ ಬಾಗಿಲಿಗೆ ಮೇಲೆ ಕೆಳಗಿನ ಮಡಿಕೆ ಸೇರಿ ಎರಡು ಮೀಟರ್ ಮೂವತ್ತು ಸೆಂಟಿಮೀಟರ್ ಹಿಡಿದರೂ ಎರಡು ಪರದೆ ಬಂದು, ಸುಮಾರು ತೊಂಬತ್ತು ಸೆಂಟಿಮೀಟರ್ ದಿಂಬಿನ ಚೀಲಕ್ಕೆ ಉಳಿಯುತ್ತದೆ. ಮೈಸೀರೆಯ ಚೌಕಡಿ ಪರದೆಗೆ ಹೋಗಲಿ, ತೋಪು ತೆನೆಯ ಕೆಂಪು ಬಿಳಿ ಸೆರಗನ್ನು ದಿಂಬಿಗೆ ಉಳಿಸಿಕೊಳ್ಳಿ; ನೆರಿಗೆಯಲ್ಲಿ ಸೆರಗಿನ ತೆನೆ ಕಾಣದೆ ಹೋಗುತ್ತದೆ. ದಕ್ಷಿಣ, ಪಶ್ಚಿಮದ ಕಿಟಕಿಗಾದರೆ ಹಿಂದೆ ಬಿಳಿ ಅಸ್ತರ್ ಕೊಡಿಸಿ, ಬಿಸಿಲಿಗೆ ಬಣ್ಣ ಬೇಗ ಹೋಗುತ್ತದೆ.

ಉತ್ತರ ಕರ್ನಾಟಕದ ಅಜ್ಜಿಯರು ಹೊಲಿದ ಕೌದಿ ಎಷ್ಟೋ ಮನೆಗಳ ಟ್ರಂಕಿನಲ್ಲಿ ಮಲಗಿದೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಈಗ ಪ್ರದರ್ಶನಗಳಿಗೂ ಹೋಗುತ್ತಿವೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಕೂರಿಸದೆ ಅವರು ಕೌದಿ ಮುಗಿಸುವುದಿಲ್ಲ. ಇಂಥದ್ದೊಂದು ಇದ್ದರೆ ಸೋಫಾದ ಹಿಂದಿನ ಗೋಡೆಗೆ ಬೇರೆ ಚಿತ್ರ ಬೇಕಿಲ್ಲ. ಮೊಳೆ ಹೊಡೆದು ನೇತುಹಾಕಬಾರದು, ಭಾರಕ್ಕೆ ಮೂಲೆ ಹರಿಯುತ್ತದೆ. ಹಿಂಬದಿಯ ಮೇಲಂಚಿಗೆ ಮೂರು ಇಂಚಿನ ಬಟ್ಟೆಪಟ್ಟಿಯನ್ನು ಕೊಳವೆಯ ಹಾಗೆ ಕೈಹೊಲಿಗೆ ಹಾಕಿ, ಅದರೊಳಗೆ ಪರದೆ ಕಂಬಿ ತೂರಿಸಿ ತೂಗುಬಿಡಿ. ಭಾರ ಉದ್ದಕ್ಕೂ ಹಂಚಿಹೋಗುತ್ತದೆ.

ಚಿತ್ರಗಳ ಎತ್ತರದಲ್ಲಿ ನಮ್ಮವರದು ಒಂದು ಹಳೆಯ ಅಭ್ಯಾಸ. ದೇವರ ಪಟ, ಹಿರಿಯರ ಫೋಟೊ ಬಾಗಿಲ ತೊಲೆಯ ಮೇಲೆ, ಮುಂದಕ್ಕೆ ಬಾಗಿಸಿ ತೂಗುಹಾಕುವುದು. ನೆಲದಲ್ಲಿ ಚಾಪೆ ಹಾಸಿ ಕೂತವರಿಗೆ ಆ ಓರೆ ಸರಿಯಾಗಿತ್ತು. ಅದೇ ಎತ್ತರಕ್ಕೆ ಈಗಲೂ ನಿಸರ್ಗದ ಚಿತ್ರ, ಮಗುವಿನ ಡ್ರಾಯಿಂಗು ಹಾಕಿದರೆ ಕುತ್ತಿಗೆ ನೋಯುವುದಷ್ಟೇ ಲಾಭ. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿಯಲ್ಲಿದ್ದರೆ ನಿಂತವರ ಕಣ್ಣಿಗೆ ನೇರ. ಸಾಗರ, ಸಿದ್ದಾಪುರದ ಕಡೆಯ ದೀವರ ಮನೆಗಳ ಹಸೆ ಚಿತ್ತಾರವೂ ಗೋಡೆಯಲ್ಲಿ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಕೆಮ್ಮಣ್ಣು ಸಾರಿಸಿದ ಗೋಡೆಗೆ ನೆನೆಸಿ ಅರೆದ ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ಅದನ್ನು ಪ್ಲೈವುಡ್ ಹಲಗೆಯ ಮೇಲೆ ಬರೆದುಕೊಡುವ ಕಲಾವಿದರಿದ್ದಾರೆ. ಕಾರ್ಖಾನೆಯಲ್ಲಿ ಅಚ್ಚಾದ ಬುದ್ಧನ ಮುಖಕ್ಕಿಂತ ಅದಕ್ಕೆ ದುಡ್ಡು ಕೊಡುವುದು ಮೇಲು ಎಂಬುದು ನನ್ನ ಪಕ್ಷಪಾತ.

ಷೋಕೇಸ್ ಇರುವವರು ಅದರಲ್ಲಿನ ವಸ್ತುಗಳನ್ನು ಮೂರು ಪಾಲು ಮಾಡಿ, ಒಂದು ಪಾಲನ್ನು ಮಾತ್ರ ಹೊರಗಿಟ್ಟು ಹಬ್ಬದಿಂದ ಹಬ್ಬಕ್ಕೆ ಬದಲಿಸಬಹುದು. ಧೂಳು ಒರೆಸುವ ಕೆಲಸ ಮೂರನೇ ಒಂದಕ್ಕೆ ಇಳಿಯುತ್ತದೆ, ಇರುವುದು ಕಣ್ಣಿಗೂ ಬೀಳುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ನೀರು ತಾಗಿಸಬೇಡಿ, ಅರಗಿನ ಬಣ್ಣಕ್ಕೆ ಒಣ ಬಟ್ಟೆಯೇ ಸಾಕು. ಸುಡುಬಿಸಿಲಿನ ಕಿಟಕಿಯಲ್ಲೂ ಇಡಬೇಡಿ. ಬಾಟಲಿಯಲ್ಲಿ ಮನಿಪ್ಲಾಂಟ್ ಇಡುವವರು ವಾರಕ್ಕೊಮ್ಮೆ ನೀರು ಚೆಲ್ಲಿ ಬಾಟಲಿಯ ಒಳಮೈ ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು.

ಇಷ್ಟೆಲ್ಲ ಓದಿದ ಬಾಡಿಗೆದಾರರು, ನಮ್ಮ ಮಾಲೀಕರು ಮೊಳೆ ಹೊಡೆಯಬಾರದು ಎಂದಿದ್ದಾರಲ್ಲ ಎನ್ನಬಹುದು. ಅಂಟುವ ಕೊಕ್ಕೆಗಳು ಟೈಲ್ಸ್, ಗಾಜು, ಸನ್‌ಮೈಕಾದ ಮೇಲೆ ಚೆನ್ನಾಗಿ ನಿಲ್ಲುತ್ತವೆ. ಡಿಸ್ಟೆಂಪರ್ ಬಳಿದ ಗೋಡೆಗೆ ಅಂಟಿಸಿದರೆ ಒಂದು ರಾತ್ರಿ ಸದ್ದಿನೊಂದಿಗೆ ಕೆಳಗೆ ಬರುತ್ತವೆ, ಬರುವಾಗ ಅಂಗೈಯಗಲ ಬಣ್ಣವನ್ನೂ ಕಿತ್ತು ತರುತ್ತವೆ. ಮೊಳೆಯ ತೂತಿಗಿಂತ ಅದೇ ದೊಡ್ಡ ಗಾಯ. ಹಾಗಾಗಿ ಮಾಲೀಕರೊಡನೆ ಮುಂಚೆಯೇ ಮಾತಾಡಿ, ನಾಲ್ಕೈದು ಕಡೆಗೆ ಅನುಮತಿ ಪಡೆದು, ಡ್ರಿಲ್ಲಿನಲ್ಲೇ ಕೊರೆಯುವುದು ಒಳ್ಳೆಯದು. ಸುತ್ತಿಗೆಯ ಮೊಳೆ ಸಿಮೆಂಟಿನ ಗಾರೆಯನ್ನು ಸುತ್ತಲೂ ಒಡೆಯುತ್ತದೆ. 6 ಮಿ.ಮೀ.ನ ಗೋಡೆ ಕೊರೆಯುವ ಬಿಟ್ಟು, ಅದೇ ಅಳತೆಯ ಪ್ಲಾಸ್ಟಿಕ್ ಗಿಟ್ಟಿ, ಸ್ಕ್ರೂ ಇಷ್ಟಿದ್ದರೆ ಕೊಕ್ಕೆಪಟ್ಟಿ, ಪರದೆ ಕಂಬಿ, ಸಣ್ಣ ಹಲಗೆ ಎಲ್ಲಕ್ಕೂ ಆಗುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಲೇಬಾರದು. ಒಳಗೆ ವೈರಿನ ಪೈಪು ಹೆಚ್ಚಾಗಿ ಅಲ್ಲೇ ಓಡಿರುತ್ತದೆ. ನಲ್ಲಿಯ ಮೇಲೂ ಕೆಳಗೂ ಅದೇ ಎಚ್ಚರ. ಕೊರೆಯುವಾಗ ತೂತಿನ ಕೆಳಗೆ ಹಳೆಯ ಲಕೋಟೆಯೊಂದನ್ನು ಬಾಯಿ ತೆರೆದು ಟೇಪಿನಿಂದ ಅಂಟಿಸಿದರೆ ಪುಡಿಯೆಲ್ಲ ಅದರೊಳಗೆ ಬೀಳುತ್ತದೆ. ಟೊಳ್ಳು ಬ್ಲಾಕಿನ ಗೋಡೆಯಾದರೆ ಬಿಟ್ಟು ಇದ್ದಕ್ಕಿದ್ದಂತೆ ಒಳಕ್ಕೆ ಜಾರುತ್ತದೆ. ಅಲ್ಲಿ ಭಾರದ ಹಲಗೆ ಬೇಡ.

ಮನೆ ಬಿಡುವ ವಾರದಲ್ಲಿ ಗಿಟ್ಟಿಯನ್ನು ಸ್ಕ್ರೂ ಸಮೇತ ಇಕ್ಕಳದಿಂದ ಎಳೆದು, ತೂತಿಗೆ ನೀರು ಚಿಮುಕಿಸಿ, ವಾಲ್ ಪುಟ್ಟಿ ತುಂಬಿ, ಒಣಗಿದ ಮೇಲೆ ಸಣ್ಣ ಉಪ್ಪುಕಾಗದದಿಂದ ಉಜ್ಜಿದರೆ ಗುರುತು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಪೇಂಟಿಂಗ್ ಚಾರ್ಜ್ ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಮಾಲೀಕರು ಬಹಳ. ಕರಾರಿನಲ್ಲಿ ಆ ಸಾಲು ಇದೆಯೇ ಎಂದು ಸಹಿ ಮಾಡುವ ಮುನ್ನ ನೋಡಿಕೊಳ್ಳಿ. ಇದ್ದರೆ, ಹೇಗಿದ್ದರೂ ಬಣ್ಣದ ದುಡ್ಡು ಕೊಡುವವರು ನೀವೇ, ಕೊಕ್ಕೆಗಳ ವಿಷಯದಲ್ಲಿ ತೀರಾ ಸಂಕೋಚಪಡಬೇಕಿಲ್ಲ. ಇಲ್ಲದಿದ್ದರೆ, ಸಾಮಾನು ಇಳಿಸುವ ಮುಂಚೆ, ಖಾಲಿ ಗೋಡೆಗಳದ್ದೂ ಹಿಂದಿನವರು ಬಿಟ್ಟುಹೋದ ಮೊಳೆಗಳದ್ದೂ ಫೋಟೊ ತೆಗೆದು ಅದೇ ದಿನ ಮಾಲೀಕರಿಗೆ ವಾಟ್ಸ್‌ಆಪ್ ಮಾಡಿಬಿಡಿ.